ಪರಾಭವ ಅನ್ನೋ ಹೆಸರಿನ ಹೊಸ ವರ್ಷ

 

ಮುಂದಿನ ಗುರುವಾರ, ಮಾರ್ಚ್ 19ಕ್ಕೆ ಯುಗಾದಿ. ಈ ಸಲ ಬರ್ತಿರೋ ಸಂವತ್ಸರದ ಹೆಸರು ಏನು ಗೊತ್ತಾ? ಪರಾಭವ. ಅಂದ್ರೆ ಸೋಲು. "ಇದನ್ನ ಫ್ಯಾಮಿಲಿ ಗ್ರೂಪ್‌ನಾಗ ಹೆಂಗ ವಿಶ್ ಮಾಡೂದ್ರೀ? ಹ್ಯಾಪಿ ಪರಾಭವ ಅಂತನಾ?" ಅಂತ ನನ್ನ ಹೆಂಡತಿ ಕೇಳಿದ್ಲು. (ನಗು)

ಸಾಲದ್ದಕ್ಕೆ ಈ ವರ್ಷ ಅಧಿಕ ಜ್ಯೇಷ್ಠ ಮಾಸ ಬೇರೆ ಇದೆ. ಚಾಂದ್ರಮಾನದ ವರ್ಷ ಸುಮಾರು 354 ದಿನ. ಸೂರ್ಯನ ಲೆಕ್ಕಕ್ಕಿಂತ 11 ದಿನ ಕಮ್ಮಿ ಬೀಳುತ್ತೆ. ಅದನ್ನ ಸರಿದೂಗಿಸೋಕೆ ಎರಡೂವರೆ-ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಸೇರಿಸ್ತಾರೆ. ಹಾಗಾಗಿ ಪರಾಭವಕ್ಕೆ 13 ತಿಂಗಳು. ಇಎಂಐ ಕಟ್ಟೋರು ಲೆಕ್ಕ ಹಾಕ್ಕೊಳ್ಳಿ.

ನಂದು ತಿಪಟೂರು. ಅಪ್ಪನಿಗೆ ಅಲ್ಲಿ ಸ್ವಲ್ಪ ತೆಂಗಿನ ತೋಟ ಇದೆ. ನಾನು ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಕೆಲಸ ಹಿಂಜವಡಿಯಲ್ಲಿ, ಬಾಡಿಗೆ ಮನೆ ವಾಕಡ್‌ನಲ್ಲಿ. ಹೆಂಡತಿ ಧಾರವಾಡದೋಳು. ಮಗಳಿಗೆ ಆರು ವರ್ಷ. ಅವಳ ಕನ್ನಡ ಅರ್ಧ ತಿಪಟೂರು, ಅರ್ಧ ಧಾರವಾಡ, ಸಿಟ್ಟು ಬಂದ್ರೆ ಮಾತ್ರ ಪೂರ್ತಿ ಮರಾಠಿ.

ನಮ್ಮ ಮನೆ ಯುಗಾದಿ ಹೇಗಿರುತ್ತೆ ಅಂದ್ರೆ, ಒಂದೇ ಫ್ಲೋರ್‌ನಲ್ಲಿ ಮೂರು ಥರದ ಬೇವು. ನಮ್ಮ ಕಡೆ ಬೇವು-ಬೆಲ್ಲ ಅಂದ್ರೆ ಸರಳ. ಬೇವಿನ ಹೂವು, ನಾಲ್ಕು ಚಿಗುರು, ಬೆಲ್ಲದ ಪುಡಿ. ಅಂಗೈಗೆ ಒಂದು ಚಿಟಿಕೆ, ಬಾಯಿಗೆ ಹಾಕ್ಕೊಂಡು ನುಂಗಿಬಿಡೋದು. ಮದುವೆಯಾದ ಮೊದಲನೇ ವರ್ಷ ಹೆಂಡತಿ "ಬೇವು ಕುಡೀರಿ" ಅಂತ ಒಂದು ಲೋಟ ತಂದುಕೊಟ್ಟಾಗ ನನಗೆ ಗಾಬರಿ ಆಯ್ತು. ಅವರ ಕಡೆ ಬೇವು ಅಂದ್ರೆ ಪಾನಕ. ಹುಣಸೆ ನೀರು, ಬೆಲ್ಲ, ಪುಠಾಣಿ ಹಿಟ್ಟು, ಮಾವಿನಕಾಯಿ ತುರಿ, ದ್ರಾಕ್ಷಿ, ಗೋಡಂಬಿ, ಮೇಲೆ ಬೇವಿನ ಹೂವು. ಎದುರು ಮನೆ ಕಾಕು ಬೇವಿನ ಚಿಗುರಿಗೆ ಬೆಲ್ಲ, ಓಂಕಾಳು, ಇಂಗು, ಉಪ್ಪು ಸೇರಿಸಿ ಚಟ್ನಿ ಅರೀತಾರೆ. ಅವರಿಗೆ ಅದೇ ದಿನ ಗುಡಿಪಾಡವಾ ಅಲ್ವಾ. ಬಾಲ್ಕನಿಯಲ್ಲಿ ಬಿದಿರು ಕೋಲಿಗೆ ರೇಷ್ಮೆ ಸೀರೆ ಉಡಿಸಿ, ಬೇವು-ಮಾವು ಕಟ್ಟಿ, ಮೇಲೆ ತಾಮ್ರದ ಚೊಂಬು ಬೋರಲು ಹಾಕಿ ಗುಡಿ ಏರಿಸ್ತಾರೆ. ಅದಕ್ಕೆ ಹಾಕೋ ಸಕ್ಕರೆ ಹಾರ, ಗಾಠಿ ಅಂತಾರೆ, ಅದ್ರ ಮೇಲೆ ನಮ್ಮ ಮಗಳ ಕಣ್ಣು.

ಅವರು ಪುರಣಪೋಳಿ ಬೇಳೆ ಬಸಿದ ನೀರಲ್ಲಿ ಸಾರು ಮಾಡಿ 'ಕಟಾಚಿ ಆಮಟಿ' ಅಂತಾರೆ. ನಮ್ಮದು ಒಬ್ಬಟ್ಟಿನ ಸಾರು, ಧಾರವಾಡದ್ದು ಕಟ್ಟಿನ ಸಾರು. ಅವರ ಕಟ್, ನಮ್ಮ ಕಟ್ಟು ಎಲ್ಲಾ ಒಂದೇ. ಹಬ್ಬದ ಮಧ್ಯಾಹ್ನ ಮೂರೂ ಸಾರು ಬಟ್ಟಲಲ್ಲಿ ಆಕಡೆ ಈಕಡೆ ಓಡಾಡ್ತವೆ.

ಇದೆಲ್ಲ ಫೋಟೋಗೆ ಚೆನ್ನಾಗಿರುತ್ತೆ. ಇವತ್ತು ನಾನು ಹೇಳಬೇಕು ಅಂದ್ಕೊಂಡಿದ್ದು ಫೋಟೋದಲ್ಲಿ ಇಲ್ಲದ ಒಂದು ಯುಗಾದಿ ಬಗ್ಗೆ.

2024. ಮಾರ್ಚ್ ಕೊನೆ ವಾರ ಹದಿನೈದು ನಿಮಿಷದ ಒಂದು ಕಾಲ್ ಬಂತು. ಆಗ ನಾನಿದ್ದ ಕಂಪನಿಯಲ್ಲಿ ನಮ್ಮ ಟೀಮನ್ನೇ ತೆಗೆದ್ರು. ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಬಂದೆ. ಅಪ್ಪ ಅಮ್ಮ ಹಬ್ಬಕ್ಕೆ ಪುಣೆಗೆ ಬರೋಕೆ ಮೊದಲೇ ಟಿಕೆಟ್ ಮಾಡಿಸಿದ್ದೆ. "ಈಗ ಹೇಳೋದು ಬೇಡ, ಹಬ್ಬ ಮುಗಿಸ್ಕೊಂಡು ಹೋಗ್ಲಿ" ಅಂತ ನಾನೇ ತೀರ್ಮಾನ ಮಾಡಿದೆ. ಹೆಂಡತಿಗೆ ಇಷ್ಟ ಇರಲಿಲ್ಲ, ಆದ್ರೂ ಸುಮ್ಮನಾದ್ಲು.

ಶನಿವಾರ ಬಂದ್ರು. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ನಾನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟ್ ಹಾಕಿ, ರೂಮ್ ಬಾಗಿಲು ಹಾಕ್ಕೊಂಡು ಹಳೇ ಲ್ಯಾಪ್‌ಟಾಪ್ ಮುಂದೆ ಕೂತೆ. "ಮೀಟಿಂಗ್ ಇದೆ ಅಮ್ಮ." ಹೆಡ್‌ಫೋನ್ ಹಾಕ್ಕೊಂಡು ಸಾಯಂಕಾಲದವರೆಗೂ ಕೆಲಸಕ್ಕೆ ಅರ್ಜಿ ಹಾಕ್ತಾ ಇದ್ದೆ. ಅಮ್ಮ ಸದ್ದು ಮಾಡದೆ ಕಾಫಿ ತಂದಿಟ್ಟು ಹೋಗೋರು. ಮಗ ಮೀಟಿಂಗ್‌ನಲ್ಲಿ ಇದಾನೆ ಅಂತ ಮಗಳನ್ನ ಕೂಡ ಗದರಿಸೋರು. ಆ ಕಾಫಿ ಗಂಟಲಲ್ಲಿ ಇಳಿಯೋದು ಕಷ್ಟ ಆಗ್ತಿತ್ತು.

ಮಂಗಳವಾರ ಯುಗಾದಿ. ಕ್ರೋಧಿ ಸಂವತ್ಸರ. ಹಬ್ಬದ ರಜೆ, ಒಂದು ದಿನ ನಾಟಕ ಆಡೋದು ತಪ್ಪಿತು ಅನ್ನೋದೇ ಸಮಾಧಾನ. ಸಾಯಂಕಾಲ ಅಪ್ಪ ಊರಿಂದ ತಂದಿದ್ದ ಒಂಟಿಕೊಪ್ಪಲ್ ಪಂಚಾಂಗ ತೆಗೆದು ಎಲ್ಲರ ರಾಶಿಯ ಆಯ-ವ್ಯಯ ಓದೋಕೆ ಶುರು ಮಾಡಿದ್ರು. ವರ್ಷದಲ್ಲಿ ಆದಾಯ ಎಷ್ಟು, ಖರ್ಚು ಎಷ್ಟು ಅಂತ ರಾಶಿ ಪ್ರಕಾರ ಅಂಕಿ ಇರುತ್ತಲ್ಲ, ಅದು. ನನ್ನ ರಾಶಿ ಬಂತು. ಆಯ ಕಮ್ಮಿ, ವ್ಯಯ ಜಾಸ್ತಿ. ಅಪ್ಪ ಒಂದು ಕ್ಷಣ ನಿಲ್ಲಿಸಿ, ಮುಂದಿನ ರಾಶಿಗೆ ಹೋದ್ರು. ನಾನು ಮೊಬೈಲ್ ನೋಡೋ ಹಾಗೆ ತಲೆ ಬಗ್ಗಿಸಿದೆ.

ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಮಾಂಸದ ಅಡುಗೆ, ಹೆಂಡತಿ ಮನೆಯೋರು ಶುದ್ಧ ಸಸ್ಯಾಹಾರಿಗಳು. ಹಾಗಾಗಿ ನಮ್ಮ ಮನೇಲಿ ಒಂದು ಒಪ್ಪಂದ ಇದೆ. ಅಡುಗೆಮನೆ ಅವಳದ್ದು, ಬಾಲ್ಕನಿಯಲ್ಲಿ ಇಂಡಕ್ಷನ್ ಒಲೆ ಇಟ್ಕೊಂಡು ನಾನು ಏನಾದ್ರೂ ಮಾಡ್ಕೋಬೋದು. (ನಗು) ಹೊಸತೊಡಕಿನ ದಿನ ಏನು ಮಾಡ್ತೀವೋ ವರ್ಷವಿಡೀ ಅದೇ ನಡೆಯುತ್ತೆ ಅಂತ ನಮ್ಮಲ್ಲಿ ಒಂದು ಮಾತಿದೆ. ಆ ಬೆಳಗ್ಗೆ ನಾನು ಮತ್ತೆ ಬಾಗಿಲು ಹಾಕ್ಕೊಂಡು ಸುಳ್ಳು ಮೀಟಿಂಗ್‌ಗೆ ಕೂತಿದ್ದೆ. ವರ್ಷವೆಲ್ಲ ಇದೇನಾ ಅನ್ನಿಸ್ತು.

ಅಷ್ಟರಲ್ಲಿ ಹೆಂಡತಿ ಒಳಗೆ ಬಂದ್ಲು. ಫ್ರಿಜ್‌ನಲ್ಲಿ ಅಮ್ಮ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ರು. "ಅದ್ರಲ್ಲಿ ಊರಿನ ಬೆಣ್ಣೆ ಇದೆ, ನಾನೇ ಆಮೇಲೆ ಕಾಯಿಸ್ತೀನಿ, ಮುಟ್ಟಬೇಡಮ್ಮ" ಅಂದಿದ್ರಂತೆ. ಇವಳು ಜಾಗ ಮಾಡೋಕೆ ಅಂತ ಎತ್ತಿದಾಗ ಮುಚ್ಚಳ ಬಿಚ್ಚಿಕೊಂಡಿದೆ. ಒಳಗೆ ಇನ್ಸುಲಿನ್.

ನಾನು ಸಿಟ್ಟಲ್ಲಿ ಹಾಲ್‌ಗೆ ಹೋದೆ. ಅಪ್ಪ ಪೇಪರ್ ಓದ್ತಾ ಇದ್ರು. ಹಿಂದಿನ ದಿನ ಎರಡು ಒಬ್ಬಟ್ಟು ತಿಂದಿದ್ರು. "ಯಾವಾಗಿಂದ ಇದು? ಯಾಕೆ ಹೇಳ್ಲಿಲ್ಲ?" ಅಂತ ಜೋರಾಗೇ ಕೇಳಿದೆ.

ಅಪ್ಪ ಪೇಪರ್ ಮಡಚಿ ಪಕ್ಕಕ್ಕಿಟ್ಟು, "ನೀನು ಹೇಳಿದ್ಯಾ?" ಅಂದ್ರು.

ನನ್ನ ಬಾಯಿ ಕಟ್ಟಿಹೋಯ್ತು.

"ಮೊದ್ಲೆಲ್ಲ ನಾವು ಬಂದಾಗ ಮೀಟಿಂಗ್‌ನಲ್ಲಿ ನೀನೂ ಮಾತಾಡ್ತಿದ್ದೆ. ಈ ಸಲ ಬಾಗಿಲಾಚೆ ನಿನ್ನ ಧ್ವನಿನೇ ಕೇಳ್ಲಿಲ್ವಲ್ಲೋ."

ಅವರಿಗೆ ಮೊದಲ ದಿನವೇ ಅನುಮಾನ ಬಂದಿತ್ತು. ನಾನೇ ಹೇಳಲಿ ಅಂತ ಸುಮ್ಮನಿದ್ರು. ಅವರ ಇನ್ಸುಲಿನ್ ಶುರುವಾಗಿದ್ದು ಹಿಂದಿನ ದೀಪಾವಳಿಯಲ್ಲಿ. ಐದು ತಿಂಗಳು ದಿನಾ ರಾತ್ರಿ ಫೋನ್ ಮಾಡಿದೀನಿ ನಾನು. "ಊಟ ಆಯ್ತಾ? ಆಯ್ತು. ಆರಾಮಾ? ಆರಾಮು." ನಿಮ್ಮ ಮನೆ ಫೋನೂ ಹೀಗೇ ಇರುತ್ತೆ ಅಲ್ವಾ? ಹೈದರಾಬಾದ್‌ನಲ್ಲಿರ್ಲಿ, ದೆಹಲಿಯಲ್ಲಿರ್ಲಿ, ಆ ಎರಡು ಪ್ರಶ್ನೆ, ಎರಡು ಉತ್ತರ.

ಅವತ್ತು ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಇಬ್ರೂ ಬೇವು ಬಚ್ಚಿಟ್ಕೊಂಡು ಬರೀ ಬೆಲ್ಲ ಹಂಚ್ತಾ ಇದೀರ" ಅಂತ ಬೈದ್ರು. ಬೈತಾ ಬೈತಾ ಅತ್ರು.

ರಾತ್ರಿ ಬಾಲ್ಕನಿಯಲ್ಲಿ ಅಪ್ಪ ನಾನು ಇಬ್ರೇ ಕೂತಿದ್ವಿ. ಎಷ್ಟು ಕಂಪನಿಗೆ ಹಾಕಿದೀಯ, ಯಾರು ಏನಂದ್ರು ಅಂತ ಕೇಳಿದ್ರು. ಆಮೇಲೆ, "ಕಾಯಿನ ಅಟ್ಟಕ್ಕೆ ಹಾಕಿದ್ಮೇಲೆ ಕಾಯ್ಬೇಕು ಮಗ. ದಿನಾ ಹತ್ತಿ ಅಲ್ಲಾಡ್ಸಿದ್ರೆ ಬೇಗ ಕೊಬ್ರಿ ಆಗಲ್ಲ" ಅಂದ್ರು. ನಮ್ಮಲ್ಲಿ ಉಂಡೆ ಕೊಬ್ಬರಿಗೆ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಒಣಗಬೇಕು. ಊರಿಗೆ ಹೋದ ಮೇಲೆ ಅದೇ ಕೊಬ್ಬರಿ ಮಾರಿ ಎರಡು ತಿಂಗಳ ಬಾಡಿಗೆ ಕಳಿಸಿದ್ರು. ಮೂವತ್ತು ದಾಟಿದ ಮೇಲೆ ಅಪ್ಪನ ದುಡ್ಡು ತಗೊಳ್ಳೋಕೆ ನಾಚಿಕೆ ಆಯ್ತು. ಆದ್ರೂ ತಗೊಂಡೆ. ಜುಲೈನಲ್ಲಿ ಕೆಲಸ ಸಿಕ್ತು, ಸಂಬಳ ಮೊದಲಿಗಿಂತ ಕಮ್ಮಿ.

ಆಗಿಂದ ನಮ್ಮ ಮನೆಯಲ್ಲಿ ಒಂದು ಹೊಸ ಪದ್ಧತಿ ಬಂತು. ಯುಗಾದಿ ದಿನ ಬೇವು-ಬೆಲ್ಲ ಬಾಯಿಗೆ ಹಾಕ್ಕೊಳ್ಳೋ ಮುಂಚೆ ಪ್ರತಿಯೊಬ್ಬರೂ ಕಳೆದ ವರ್ಷದ ಒಂದು ಬೇವು, ಒಂದು ಬೆಲ್ಲ ಬಾಯಿಬಿಟ್ಟು ಹೇಳಬೇಕು. "ಎಲ್ಲಾ ಚೆನ್ನಾಗಿತ್ತು" ಅನ್ನೋ ಹಾಗಿಲ್ಲ. ಪರಿಹಾರ ಯಾರೂ ಕೇಳದೆ ಹೇಳೋ ಹಾಗಿಲ್ಲ, ಬುದ್ಧಿವಾದ ಮೊದಲೇ ಬೇಡ.

2025ರ ಯುಗಾದಿ ಭಾನುವಾರ ಬಂದಿತ್ತು. ಟೇಬಲ್ ಮೇಲೆ ಲ್ಯಾಪ್‌ಟಾಪ್‌ನಲ್ಲಿ ತಿಪಟೂರು, ಪಕ್ಕದಲ್ಲಿ ಫೋನ್‌ನಲ್ಲಿ ಧಾರವಾಡ. ಅತ್ತೆ ಸರದಿ ಬಂದಾಗ, "ಏನೂ ಇಲ್ರೀ, ಎಲ್ಲಾ ಚಲೋ ಐತಿ" ಅಂದ್ರು. ಹೆಂಡತಿ ಬಿಡಲಿಲ್ಲ. "ಅವ್ವಾ, ಹಂಗಂದ್ರ ನಡಿಯಂಗಿಲ್ಲ." ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಜಿ ಆತಂದ್ರ ಮನಿ ಭಾಳ ಸಪ್ಪಗ ಅನಸ್ತೈತವ್ವಾ" ಅಂದ್ರು. ಮಾವ ತೀರಿಕೊಂಡು ಮೂರು ವರ್ಷ ಆಗಿತ್ತು. ಅಷ್ಟು ದಿನ ಈ ಮಾತು ಅವರ ಬಾಯಲ್ಲಿ ನಾವು ಕೇಳಿರಲಿಲ್ಲ. ಆ ಬೇಸಿಗೆಯಲ್ಲಿ ಎರಡು ತಿಂಗಳು ನಮ್ಮ ಜೊತೆ ಬಂದಿದ್ರು.

ಮಗಳ ಬೇವು, "ಅಜ್ಜಿ ಫೋನಲ್ಲಿ ಸ್ಟಕ್ ಆಗ್ತಾಳ." ಬೆಲ್ಲ, "ಕಾಕು ಗಾಠಿ ಕೊಟ್ರು." ಅವಳದ್ದು ಅಷ್ಟೇ.

ಹೇಳಿಬಿಟ್ಟ ಮಾತ್ರಕ್ಕೆ ಕೆಲಸ ಸಿಗಲ್ಲ, ಶುಗರ್ ಇಳಿಯಲ್ಲ. ಅದು ಗೊತ್ತು. ಆದ್ರೆ ಈಗ ಅಪ್ಪ ಪ್ರತಿ ಶನಿವಾರ ಶುಗರ್ ಬರೆದಿಡೋ ನೋಟ್‌ಬುಕ್ ಪುಟದ ಫೋಟೋ ಸೊಸೆಗೆ ಕಳಿಸ್ತಾರೆ. ಅಂಕಿ ಜಾಸ್ತಿ ಇದ್ರೆ ಮೊದಲೇ "ಮದುವೆ ಮನೆ ಊಟ ಕಣಮ್ಮ" ಅಂತ ವಾಯ್ಸ್ ಮೆಸೇಜ್ ಹಾಕ್ತಾರೆ. ಫೋನಲ್ಲಿ ನಾಲ್ಕು ಮಾತು ಹೋಗಿ ಹದಿನಾಲ್ಕು ಆಗಿದೆ.

ಇನ್ನು ಈ ವರ್ಷದ ಆಸೆ. ಮಗಳು ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಹೋಗ್ತಾಳೆ. ಶಾಲೆಯಲ್ಲಿ ಕನ್ನಡ ಇಲ್ಲ. ಭಾನುವಾರ ಬೆಳಗ್ಗೆ ಅರ್ಧ ಗಂಟೆ ನಾವೇ ಅಕ್ಷರ ಬರೆಸ್ತಾ ಇದೀವಿ, ಈಗ ಕಾಗುಣಿತಕ್ಕೆ ಬಂದಿದೀವಿ. ದೀಪಾವಳಿ ಹೊತ್ತಿಗೆ ತಾತ ಬರೆದ ಒಂದು ಪುಟ ಅವಳೇ ಓದಲಿ ಅನ್ನೋದು ಒಂದು. ಆರು ತಿಂಗಳ ಖರ್ಚಿಗೆ ಆಗೋಷ್ಟು ದುಡ್ಡು ಬೇರೆ ತೆಗೆದಿಡಬೇಕು ಅಂತ ಎರಡು ವರ್ಷದಿಂದ ಹೊರಟಿದೀವಿ, ನಾಲ್ಕು ತಿಂಗಳದ್ದು ಆಗಿದೆ. ಅದು ಇನ್ನೊಂದು.

ಮತ್ತೆ ನನ್ನ ಬೇವು. ನನ್ನ ಈಗಿನ ಪ್ರಾಜೆಕ್ಟ್ ಜೂನ್‌ಗೆ ಮುಗಿಯುತ್ತೆ. ಮುಂದೆ ಏನು ಅಂತ ಇನ್ನೂ ಯಾರೂ ಹೇಳಿಲ್ಲ. ಇದನ್ನ ಗುರುವಾರ ಹೇಳೋಣ ಅಂತಿದ್ದೆ, ಆದ್ರೆ ಅಲ್ಲೀವರೆಗೆ ಇಟ್ಕೊಳ್ಳೋಕೆ ಆಗ್ಲಿಲ್ಲ. ಮೊನ್ನೆನೇ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಬರೋ ವರ್ಷದ ಹೆಸ್ರು ಬೇರೆ ಪರಾಭವ ಅಂತೆ ಅಪ್ಪ" ಅಂದೆ.

ಅಪ್ಪ ನಕ್ಕರು. ಸಂವತ್ಸರ ಅರವತ್ತು. ಒಂದು ಸುತ್ತು ಮುಗಿದರೆ ಅದೇ ಹೆಸರು ವಾಪಸ್ ಬರುತ್ತೆ. ಅಪ್ಪ ಹುಟ್ಟಿದ್ದು 1966ರ ಶ್ರಾವಣದಲ್ಲಿ. ಅದೂ ಪರಾಭವ ಸಂವತ್ಸರವೇ.

"ನಾನು ಪರಾಭವದಲ್ಲೇ ಹುಟ್ಟಿದೋನು ಕಣೋ. ಅರವತ್ತು ವರ್ಷ ಆಯ್ತು, ತೋಟ ಇನ್ನೂ ಇದೆ. ನೀನು ಶ್ರಾವಣಕ್ಕೆ ರಜೆ ಹಾಕು, ಅರವತ್ತರ ಶಾಂತಿ ಇದೆ. ಕೆಲಸ ಇಲ್ದಿದ್ರೆ ರಜೆನೂ ಹಾಕ್ಬೇಕಾಗಿಲ್ಲ" ಅಂದ್ರು. (ನಗು)

ಟಿಕೆಟ್ ನೋಡ್ತಾ ಇದೀನಿ. ಗುರುವಾರ ನಿಮ್ಮ ಮನೆಗೆ ಫೋನ್ ಮಾಡಿದಾಗ "ಊಟ ಆಯ್ತಾ" ಆದ್ಮೇಲೆ ಇನ್ನೊಂದು ಪ್ರಶ್ನೆ ಕೇಳಿ. ಮೊದಲು ನಿಮ್ಮ ಬೇವು ನೀವು ಹೇಳಿ, ಆಗ ಅವರೂ ಹೇಳ್ತಾರೆ.

ಎಲ್ಲರಿಗೂ ಯುಗಾದಿ ಹಬ್ಬದ ಶುಭಾಶಯಗಳು.