ಪುರಸಭೆಯ ಲೆಕ್ಕದ ಹೊಸ ಪುಸ್ತಕ

ವರ್ಷದ ಕೊನೆಗೆ ಪುರಸಭೆಯ ಖಜಾನೆಯಲ್ಲಿ ಒಂದಿಷ್ಟು ಹಣ ಉಳಿದಿದ್ದರೆ ಆಡಳಿತ ಚೆನ್ನಾಗಿ ನಡೆದಿದೆಯೆಂದು ನಾವು ಭಾವಿಸುತ್ತೇವೆ. ಆದರೆ ನೀರೆತ್ತುವ ಪಂಪುಗಳ ವಿದ್ಯುತ್ ಬಿಲ್ಲನ್ನು ಕಟ್ಟದೆ ತಡೆಹಿಡಿದರೂ ಹಣ ಉಳಿದೀತು; ಗುತ್ತಿಗೆದಾರನಿಗೆ ಸಲ್ಲಬೇಕಾದುದನ್ನು ಮುಂದೂಡಿದರೂ ಉಳಿದೀತು. ಬಂದುದು ಜಮಾ, ಕೊಟ್ಟುದು ಖರ್ಚು ಎಂದಷ್ಟೇ ಬರೆಯುವ ಹಳೆಯ ನಗದು ಲೆಕ್ಕದಲ್ಲಿ ಈ ಬಾಕಿಗಳು ಕಾಣುವುದಿಲ್ಲ.

ಈ ಕೊರತೆಯನ್ನು ನೀಗುವುದು ಜೋಡಿ ನಮೂದಿನ ಪದ್ಧತಿ. ಹಣ ಕೈಸೇರಲಿ, ಸೇರದಿರಲಿ, ಹಕ್ಕು ಅಥವಾ ಹೊಣೆ ಹುಟ್ಟಿದೊಡನೆಯೇ ಅದನ್ನು ಎರಡು ಖಾತೆಗಳಲ್ಲಿ ಬರೆಯುವುದು ಇದರ ತಿರುಳು. ಇದಕ್ಕಾಗಿ 2004ರಲ್ಲಿ ರಾಷ್ಟ್ರೀಯ ಪುರಸಭಾ ಲೆಕ್ಕಪತ್ರ ಕೈಪಿಡಿ ಸಿದ್ಧವಾಯಿತು. 2005ರ ಡಿಸೆಂಬರಿನಲ್ಲಿ ಆರಂಭವಾದ ನೆಹರೂ ನಗರ ನವೀಕರಣ ಯೋಜನೆ ಇದನ್ನು ಕಡ್ಡಾಯ ಸುಧಾರಣೆಗಳಲ್ಲಿ ಸೇರಿಸಿತು. ಕರ್ನಾಟಕವು 2006ರಲ್ಲಿ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳನ್ನು ರಚಿಸಿತು.

ನಿಯಮವನ್ನು ಒಂದು ದಿನದಲ್ಲಿ ಜಾರಿಗೆ ತರಬಹುದು. ಪುಸ್ತಕದ ಮೊದಲ ಪುಟವನ್ನು ಹಾಗೆ ಬರೆಯಲಾಗದು. ಊರಿಗೆ ಸೇರಿದ ರಸ್ತೆ, ಮಳಿಗೆ, ನೀರಿನ ಕೊಳವೆ, ದೀಪದ ಕಂಬ ಎಲ್ಲವನ್ನೂ ಮೊದಲು ಎಣಿಸಬೇಕು. ಬೆಲೆ ಕೊಡದೆ ಬಂದ ಭೂಮಿಯನ್ನು ಒಂದು ರೂಪಾಯಿಗೆ ನಮೂದಿಸಬೇಕೆಂದು ಕೈಪಿಡಿ ಹೇಳುತ್ತದೆ. ಭೂಮಿಯ ಬೆಲೆ ಒಂದು ರೂಪಾಯಿಯೆಂದು ಇದರ ಅರ್ಥವಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ, ಅದು ಒತ್ತುವರಿಯಾದಾಗ ಕೇಳುವುದಕ್ಕೆ ಒಂದು ಆಧಾರವಾದರೂ ಇರುತ್ತದೆ.

ಈ ಕೆಲಸವನ್ನು ಹೊರಗಿನ ಲೆಕ್ಕಿಗರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅವರು ಬರೆಯಬೇಕಾದರೂ ಕಂದಾಯ ಶಾಖೆ ವರ್ಷದ ತೆರಿಗೆ ಬೇಡಿಕೆಯನ್ನು ತಿಳಿಸಬೇಕು. ಎಂಜಿನಿಯರು ಮುಗಿದ ಕಾಮಗಾರಿಯ ಅಳತೆಯನ್ನು ಕೊಡಬೇಕು. ಉಗ್ರಾಣದವರು ದಾಸ್ತಾನನ್ನು ಒಪ್ಪಿಸಬೇಕು. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವುದು ಮುಖ್ಯಾಧಿಕಾರಿಯ ಹೊಣೆ. ಗುಮಾಸ್ತರಿಗೆ ತರಬೇತಿಯನ್ನೂ ತಪ್ಪು ತಿದ್ದಿಕೊಳ್ಳಲು ಕಾಲಾವಕಾಶವನ್ನೂ ಕೊಡದಿದ್ದರೆ ಗಣಕಯಂತ್ರ ಬಂದರೂ ಹಳೆಯ ನಗದು ಪುಸ್ತಕವೇ ಆಳುತ್ತದೆ.

ಲೆಕ್ಕ ಪರಿಶೋಧನೆಯಾದ ಲೆಕ್ಕಗಳನ್ನು ಸಾರ್ವಜನಿಕರಿಗೆ ತೆರೆದಿಡುವುದನ್ನು ಹದಿನೈದನೆಯ ಹಣಕಾಸು ಆಯೋಗವು ಅನುದಾನಕ್ಕೆ ಷರತ್ತಾಗಿಸಿತು. ಅನುದಾನ ತಪ್ಪೀತೆಂಬ ಭಯದಿಂದ ಅಢಾವೆ ಪತ್ರಿಕೆ ಸಿದ್ಧವಾಗಬಹುದು. ಅದನ್ನು ಓದುವವರು ಮಾತ್ರ ಭಯದಿಂದ ಹುಟ್ಟುವುದಿಲ್ಲ. ಇಂದಿನ ಸಭೆ ಮರೆಮಾಚಿದ ಬಾಕಿಯನ್ನು ತೀರಿಸಬೇಕಾದವರು ನಾಳೆಯ ತೆರಿಗೆದಾರರು. ಆದುದರಿಂದ ಆಯವ್ಯಯದ ಸಭೆಯಲ್ಲಿ ಸದಸ್ಯರು ಉಳಿಕೆ ಎಷ್ಟೆಂದು ಕೇಳುವುದರೊಡನೆ, ಊರು ಯಾರಿಗೆ ಎಷ್ಟು ಕೊಡಬೇಕಾಗಿದೆಯೆಂದೂ ಕೇಳಬೇಕು.