ಕೊಡೆ ಬಿಚ್ಚಿದ ಮೇಲೆ: ಪ್ಯಾರಾಚೂಟಿನ ಬಗೆಗೆ ನಾಲ್ಕು ಮಾತು



ಕೂಟದ ಕೆಲವು ತರುಣ ತರುಣಿಯರು ಬರುವ ಬೇಸಿಗೆಯಲ್ಲಿ ವಿಮಾನದಿಂದ ಧುಮುಕಲು ನಿಶ್ಚಯಿಸಿದ್ದಾರೆಂದೂ, ಅಂದಿನಿಂದ ಅವರ ತಂದೆತಾಯಿಯರಿಗೆ ನಿದ್ರೆಯಿಲ್ಲವೆಂದೂ ಕಾರ್ಯದರ್ಶಿಗಳು ತಿಳಿಸಿದರು. ಉಭಯ ಪಕ್ಷಗಳಿಗೂ ಉಪಯೋಗವಾಗುವಂತೆ ಮಾತನಾಡಬೇಕೆಂಬುದು ಅವರ ಅಪೇಕ್ಷೆ.

ವೈದ್ಯರಾದ ನಮಗೆ ಪ್ಯಾರಾಚೂಟ್ ಹಾಸ್ಯದ ವಸ್ತುವೂ ಹೌದು. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಪ್ರಯೋಗವನ್ನು ಪ್ರಕಟಿಸಿತು. 23 ಮಂದಿಯಲ್ಲಿ ಕೆಲವರಿಗೆ ಪ್ಯಾರಾಚೂಟನ್ನೂ ಉಳಿದವರಿಗೆ ಬರಿಯ ಚೀಲವನ್ನೂ ಕಟ್ಟಿ ವಿಮಾನದಿಂದ ಧುಮುಕಿಸಲಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ವಿಮಾನವು ನೆಲದ ಮೇಲೆ ನಿಂತಿತ್ತು! ಫಲಿತಾಂಶವನ್ನು ಓದುವವರು ಎತ್ತರವನ್ನೂ ವಿಚಾರಿಸಬೇಕೆಂಬುದು ಅದರ ನೀತಿ. ಇಂದಿನ ನಮ್ಮ ಮಾತಿಗೂ ಎತ್ತರವೇ ಮುಖ್ಯ.

ಹೊಟ್ಟೆ ಕೆಳಗಾಗಿ ಬೀಳುವ ಮನುಷ್ಯನ ವೇಗವು ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಗಂಟೆಗೆ ಸುಮಾರು 120 ಮೈಲಿಯಾಗುತ್ತದೆ. ಆಗ ಗಾಳಿಯ ಪ್ರತಿರೋಧವು ದೇಹದ ಭಾರಕ್ಕೆ ಸಮನಾಗಿ ವೇಗ ಹೆಚ್ಚುವುದು ನಿಲ್ಲುತ್ತದೆ. ಕೊಡೆ ಬಿಚ್ಚಿದಾಗ ಗಾಳಿಯನ್ನು ತಡೆಯುವ ವಿಸ್ತಾರವು ಬೆಳೆದು, ಬಹು ಕಡಿಮೆ ವೇಗದಲ್ಲಿಯೇ ಆ ಸಮತೋಲ ದೊರೆಯುತ್ತದೆ. ವೇಗ ಹತ್ತರಲ್ಲೊಂದಾದರೆ ಆಘಾತದ ಶಕ್ತಿ ನೂರರಲ್ಲೊಂದಾಗುತ್ತದೆ.

1797ರ ಅಕ್ಟೋಬರ್ 22ರಂದು ಪ್ಯಾರಿಸಿನಲ್ಲಿ ಬಲೂನಿನಿಂದ ಇಳಿದ ಆಂದ್ರೆ ಗಾರ್ನೆರಾಂ ಅವರ ಕೊಡೆ ಲೋಲಕದಂತೆ ತೂಗಾಡಿತ್ತು. ಇಂದು ಕ್ರೀಡೆಗೆ ಬಳಸುವುದು 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ ಕೊಡೆಯ ಸಂತತಿ. ಮುಂಭಾಗದ ಬಾಯಿಗಳಿಂದ ಗಾಳಿ ತುಂಬಿಕೊಂಡು ಅದು ರೆಕ್ಕೆಯಂತೆ ತೇಲುತ್ತದೆ. ಅದಕ್ಕೆ ಎರಡು ಹಿಡಿಗಳು. ಒಂದನ್ನು ಎಳೆದರೆ ತಿರುಗುತ್ತದೆ. ನೆಲ ಮುಟ್ಟುವ ಮುನ್ನ ಎರಡನ್ನೂ ಒಟ್ಟಿಗೆ ಎಳೆದರೆ ಮೃದುವಾಗಿ ಇಳಿಸುತ್ತದೆ.

ಕೊಡೆ ಬಿಚ್ಚದಿದ್ದರೆ? ಬೆನ್ನಿನ ಚೀಲದಲ್ಲಿ ಮೀಸಲು ಕೊಡೆಯೊಂದಿರುತ್ತದೆ. ಅಮೆರಿಕದ ನಿಯಮದಂತೆ ನೈಲಾನಿನ ಮೀಸಲು ಕೊಡೆಯನ್ನು ಪ್ರಮಾಣಪತ್ರ ಪಡೆದ ರಿಗ್ಗರ್ ಒಬ್ಬರು ಹಿಂದಿನ 180 ದಿನಗಳೊಳಗೆ ಮಡಿಸಿರಬೇಕು. ಮುಖ್ಯ ಕೊಡೆ ತೊಡಕಾದರೆ ಅದನ್ನು ಕಳಚುವ ನಿರ್ಧಾರವನ್ನು ವಿದ್ಯಾರ್ಥಿಯು 2,500 ಅಡಿಯೊಳಗಾಗುವ ಮುನ್ನವೇ ಮಾಡಬೇಕು. ಕೊಡೆಯೇ ಇಲ್ಲದೆ ಬೀಳುವವನಿಗೆ ಅಲ್ಲಿಂದ ನೆಲವು ಕೇವಲ 14 ಸೆಕೆಂಡುಗಳ ದೂರ. ಎಚ್ಚರ ತಪ್ಪಿದವರಿಗಾಗಿ, ತಕ್ಕ ಎತ್ತರದಲ್ಲಿ ಮೀಸಲು ಕೊಡೆಯನ್ನು ತಾನೇ ತೆರೆಯುವ ಉಪಕರಣವೂ ಉಂಟು. ಅಮೆರಿಕದ ಪ್ಯಾರಾಚೂಟ್ ಸಂಘದ ಲೆಕ್ಕದಂತೆ 2023ರಲ್ಲಿ 36 ಲಕ್ಷಕ್ಕೂ ಮಿಕ್ಕ ನೆಗೆತಗಳಲ್ಲಿ ಹತ್ತು ಮಂದಿ ಮೃತರಾದರು.

ರೆಸಿಡೆನ್ಸಿಯ ದಿನಗಳಲ್ಲಿ ತುರ್ತುಚಿಕಿತ್ಸೆಗೆ ಬಂದ ಒಬ್ಬ ತರುಣನನ್ನು ನಾವು ಮರೆತಿಲ್ಲ. ಎರಡೂ ಹಿಮ್ಮಡಿಗಳು, ಸೊಂಟದ ಒಂದು ಮೂಳೆ ಮುರಿದಿದ್ದವು. ಕೊಡೆ ತೆರೆಯಲಿಲ್ಲವೇ ಎಂದು ಕೇಳಿದೆವು. ಚೆನ್ನಾಗಿಯೇ ತೆರೆಯಿತು ಎಂದ. ಬೇಲಿಯನ್ನು ತಪ್ಪಿಸಲು ನೆಲದ ಸಮೀಪದಲ್ಲಿ ಒಂದು ಹಿಡಿಯನ್ನು ಬಲವಾಗಿ ಎಳೆದಿದ್ದನಂತೆ. ಹಾಗೆ ತಿರುಗಿದ ಕೊಡೆ ಓರೆಯಾಗಿ ಕೆಳಕ್ಕೆ ಧಾವಿಸುತ್ತದೆ. ಮತ್ತೆ ಸರಿಹೋಗಲು ಅದಕ್ಕೆ ಎತ್ತರ ಬೇಕು. ಅವನಲ್ಲಿ ಅದು ಉಳಿದಿರಲಿಲ್ಲ. ಕೊಡೆ ಬಿಚ್ಚಿತೆಂದು ನಿಟ್ಟುಸಿರು ಬಿಟ್ಟ ಮೇಲೆಯೇ ಎಚ್ಚರ ಹೆಚ್ಚಬೇಕೆಂಬುದನ್ನು ನಾವು ಅವನಿಂದ ಕಲಿತೆವು.

ತರುಣರೇ, ಮೊದಲ ಬಾರಿ ಬೋಧಕರೊಡನೆ ಜೋಡಿಯಾಗಿ ಧುಮುಕಿರಿ. ಅವರು ಹೇಳಿದಾಗ ಕಾಲುಗಳನ್ನು ಮೇಲೆತ್ತಿರಿ. ಮುಂದೆ ಒಂಟಿಯಾಗಿ ಇಳಿಯುವಾಗ ಪಾದಗಳನ್ನೂ ಮಂಡಿಗಳನ್ನೂ ಜೋಡಿಸಿ, ಮಂಡಿಗಳನ್ನು ತುಸು ಬಾಗಿಸಿರಿ. ಕಾಲು ಚಾಚಿ ನೆಲವನ್ನು ಹುಡುಕಬೇಡಿ. ನೆಗಡಿಯಿಂದ ಕಿವಿ ಕಟ್ಟಿದ್ದರೆ, ಗಾಳಿ ಜೋರಾಗಿದ್ದರೆ, ಇಂದು ಬೇಡವೆನ್ನಲು ನಾಚಬೇಡಿ.

ತಂದೆತಾಯಿಯರೇ, ನಮ್ಮ ಮಗಳು ಧುಮುಕುವೆನೆಂದಾಗ ನಾವೂ ಮೊದಲು ಬೇಡವೆಂದೆವು. ಆ ತರುಣನ ಹಿಮ್ಮಡಿಗಳು ನಮ್ಮ ಕಣ್ಣ ಮುಂದಿದ್ದವು. ಬಳಿಕ ಅವಳೊಡನೆ ಆ ಮೈದಾನಕ್ಕೆ ಹೋಗಿ ಮೂರು ಪ್ರಶ್ನೆ ಕೇಳಿದೆವು: ಬೋಧಕರ ಅರ್ಹತೆಯೇನು? ಮೀಸಲು ಕೊಡೆಯನ್ನು ಮಡಿಸಿದ್ದು ಎಂದು? ತಾನಾಗಿ ತೆರೆಯುವ ಉಪಕರಣವಿದೆಯೇ? ಉತ್ತರಗಳು ಸಮರ್ಪಕವಾಗಿದ್ದವು. ನಮ್ಮ ಎದೆಬಡಿತ ಮಾತ್ರ ಅವಳು ಕಾಲೆತ್ತಿ, ಹುಲ್ಲಿನ ಮೇಲೆ ಜಾರಿ ಕುಳಿತ ಮೇಲೆಯೇ ಹದಕ್ಕೆ ಬಂದಿತು. ನೀವೂ ಆ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ.