ಠಾಣೆಗೆ ಹೋದ ಒಂಬತ್ತನೇ ತರಗತಿಯ ಹುಡುಗಿ

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಗೆಳತಿಯರೇ,

ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲ ಮುಗಿಸಿ ಕೂತಿದ್ದೀರಿ. ಊಟದ ಹೊತ್ತು ಹತ್ತಿರ ಬಂತು. ಕಾಲೇಜಿನಲ್ಲಿ ಮಾಡುತ್ತಿದ್ದ ಹಾಗೆ ಒಂದು ಗಂಟೆ ಪಾಠ ಹೇಳುವುದಿಲ್ಲ, ಹೆದರಬೇಡಿ. ಹೋದ ಸಭೆಯಲ್ಲಿ ನಿಮ್ಮಲ್ಲೇ ಮೂವರು ಒಂದೇ ಪ್ರಶ್ನೆ ಕೇಳಿದಿರಿ. ಹೆಣ್ಣುಮಗಳನ್ನು ಶಾಲೆಯವರು ಪೊಲೀಸ್ ಠಾಣೆಗೆ ಕಳಿಸುತ್ತಾರಂತೆ, ಒಪ್ಪಬಹುದೇ ಎಂದು. ಅದಕ್ಕಷ್ಟೇ ಉತ್ತರ ಹೇಳುತ್ತೇನೆ.

ನಿಮ್ಮ ಅಳುಕು ಅರ್ಥವಾಗುತ್ತದೆ. ನಮ್ಮಲ್ಲಿ ಹೆಣ್ಣು ಠಾಣೆಯ ಮೆಟ್ಟಿಲು ಹತ್ತಿದಳೆಂದರೆ ಮನೆತನದ ಮಾನ ಹೋಯಿತು ಎನ್ನುತ್ತಾರೆ. ಗಂಡ ಕೈ ಮುರಿದರೂ ಬಾಯಿ ಬಿಡದವಳು ಮರ್ಯಾದಸ್ಥೆ. ಕೈ ಮುರಿದವನ ಮರ್ಯಾದೆಗೆ ಮಾತ್ರ ಏನೂ ಆಗುವುದಿಲ್ಲ, ನೋಡಿ!

ಮೊದಲು ಈ ಯೋಜನೆ ಏನೆಂದು ತಿಳಿಯೋಣ. ಇಂಗ್ಲೆಂಡಿನಂಥ ದೇಶಗಳಲ್ಲಿ ಹೈಸ್ಕೂಲು ಮಕ್ಕಳನ್ನು ಒಂದೆರಡು ವಾರ ಯಾವುದಾದರೂ ಅಂಗಡಿಗೋ, ಆಸ್ಪತ್ರೆಗೋ, ಕಚೇರಿಗೋ ಕೆಲಸ ನೋಡಿ ಕಲಿಯಲು ಕಳಿಸುವ ರೂಢಿಯಿದೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ. ಕೇರಳದಲ್ಲಿ 2010ರಲ್ಲಿ ಶುರುವಾಯಿತು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ವಿಸ್ತರಿಸಿತು. ಮುಖ್ಯವಾಗಿ ಸರ್ಕಾರಿ ಶಾಲೆಗಳ ಎಂಟು ಮತ್ತು ಒಂಬತ್ತನೇ ತರಗತಿಯವರಿಗೆ. ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ರಸ್ತೆ ಸುರಕ್ಷತೆ, ಹೆಂಗಸರ ಮತ್ತು ಮಕ್ಕಳ ರಕ್ಷಣೆ, ಠಾಣೆಯ ಕೆಲಸ ಇವನ್ನೆಲ್ಲ ಹೇಳಿಕೊಡುತ್ತಾರೆ. ಇದಲ್ಲದೆ ನಮ್ಮ ರಾಜ್ಯದ ಪೊಲೀಸರು ಶಾಲಾ ಮಕ್ಕಳನ್ನು ಠಾಣೆಗೆ ಕರೆಸಿ ತೋರಿಸುವ 'ತೆರೆದ ಮನೆ' ಎಂಬ ಕಾರ್ಯಕ್ರಮವೂ ಉಂಟು.

ನನ್ನ ತಂಗಿಯ ಮೊಮ್ಮಗಳು ಒಬ್ಬಳು ಹೀಗೆ ಹೋಗಿಬಂದಳು. ಬೇರೆ ಜಿಲ್ಲೆ, ಊರಿನ ಹೆಸರು ಬೇಡ. ಎಂಟು ಮಕ್ಕಳು, ನಾಲ್ಕು ಶನಿವಾರ, ಬೆಳಿಗ್ಗೆ ಎರಡೆರಡು ಗಂಟೆ. ದಸರೆ ರಜೆಯಲ್ಲಿ ನನ್ನ ಮನೆಗೆ ಬಂದಾಗ ಅವಳ ನೋಟ್‌ಬುಕ್ ತೋರಿಸಿದಳು. ಮೊದಲ ದಿನ ಲಾಕಪ್ಪು, ಬಂದೂಕು, ವೈರ್‌ಲೆಸ್ ನೋಡಿದ್ದಾರೆ. ಹುಡುಗರೆಲ್ಲ ಬಂದೂಕಿನ ಸುತ್ತ. ಇವಳು ಮಾತ್ರ ರೈಟರ್ ಮೇಜಿನ ಹತ್ತಿರ ಹೋಗಿ ಕೂತಳಂತೆ. ಅಲ್ಲಿ ಫ್ಯಾನ್ ಇತ್ತು ಅಜ್ಜಿ, ಅದಕ್ಕೇ ಕೂತೆ ಎಂದಳು!

ಹೇಗೋ ಕೂತಳಲ್ಲ, ಅಲ್ಲಿ ಕಲಿತದ್ದು ದೊಡ್ಡದು. ನೋಟ್‌ಬುಕ್ಕಿನಲ್ಲಿ ಐದು ಪದ ಬರೆದು ಕೆಳಗೆ ಗೆರೆ ಎಳೆದಿದ್ದಳು. ಅರ್ಜಿ, ಪ್ರಥಮ ವರ್ತಮಾನ ವರದಿ, ಠಾಣಾ ದಿನಚರಿ, ಹಿಂಬರಹ, ಮುಚ್ಚಳಿಕೆ. ಈ ಐದು ಪದಗಳಲ್ಲಿ ನಮ್ಮ ಹೆಣ್ಣುಮಕ್ಕಳ ಹಣೆಬರಹವಿದೆ ಎಂದರೆ ತಪ್ಪಲ್ಲ. ನೀವು ಕೊಡುವುದು ಅರ್ಜಿ. ಅಪರಾಧ ನಡೆದಿದೆಯೆಂದು ಅವರು ದಾಖಲಿಸುವುದು ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್. ದಿನದಲ್ಲಿ ಠಾಣೆಯಲ್ಲಿ ನಡೆದದ್ದೆಲ್ಲ ಸೇರಬೇಕಾದದ್ದು ದಿನಚರಿಗೆ. ಅರ್ಜಿ ಮುಗಿಸಿದೆವು ಎಂದು ನಿಮಗೆ ಬರೆದುಕೊಡುವ ಕಾಗದ ಹಿಂಬರಹ. ಇನ್ನು ಮುಚ್ಚಳಿಕೆ ನಿಮಗೆಲ್ಲ ಗೊತ್ತು. ಇನ್ನು ಮುಂದೆ ಹೊಡೆಯುವುದಿಲ್ಲ ಎಂದು ಗಂಡ ಬರೆದುಕೊಟ್ಟು, ಹೆಂಡತಿಯನ್ನು ಮನೆಗೆ ಕರೆದುಕೊಂಡು ಹೋಗುವುದು.

ಮೂರನೇ ಶನಿವಾರ ಒಬ್ಬ ಹೆಂಗಸು ಬಂದಳು. ಅವಳೂ ನಿಮ್ಮಂತೆ ಸಂಘದ ಸದಸ್ಯೆ. ಸಂಘದಲ್ಲಿ ಸಾಲ ಎತ್ತಿ ಬೈಕಿಗೆ ಕೊಡು ಎಂದು ಗಂಡ. ಹಳೆಯ ಸಾಲದ ಕಂತೇ ಬಾಕಿ, ಕೊಡುವುದಿಲ್ಲ ಎಂದು ಇವಳು. ಹಾಗಾದರೆ ತವರಿಂದ ತಾ ಎಂದು ಅತ್ತೆ. ಮೈಮೇಲೆ ಬಾಸುಂಡೆ ಇತ್ತು. ರೈಟರ್ ಅರ್ಜಿ ಓದಿ, "ಅವನನ್ನ ಕರೆಸಿ ಬುದ್ಧಿ ಹೇಳ್ತೀವಿ, ಮುಚ್ಚಳಿಕೆ ಬರೆಸ್ಕೋತೀವಿ, ನೀನು ಮನೆಗೆ ಹೋಗಮ್ಮ" ಎಂದರು. ಅವಳು, "ಹೋದ ಸಲವೂ ಬರೆಸಿದ್ರಿ ಸಾರ್" ಎಂದಳು. ರೈಟರ್ ಮಾತಾಡಲಿಲ್ಲ.

ಆಗ ನಮ್ಮ ಹುಡುಗಿ ಎದ್ದು ನಿಂತು ಕೇಳಿದಳಂತೆ: "ಸಾರ್, ಅರ್ಜಿ ತಗೊಂಡ್ರೆ ಸ್ವೀಕೃತಿ ಕೊಡಬೇಕು ಅಂತ ನೀವೇ ಹೇಳಿದ್ರಿ. ಇವರಿಗೆ ಕೊಡಲ್ವಾ?" ಅಧಿಕಪ್ರಸಂಗ ಮಾಡಬೇಕೆಂದು ಕೇಳಿದ್ದಲ್ಲ, ಬರೆದುಕೊಂಡ ಪಾಠ ನೆನಪಿತ್ತು ಅಷ್ಟೆ. ಅಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಮುಖ ಆಚೆ ತಿರುಗಿಸಿ ನಕ್ಕರಂತೆ. ರೈಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ವೀಕೃತಿ ಬರೆದು ಮೊಹರು ಹಾಕಿ ಕೊಟ್ಟರು. ಆ ಹೆಂಗಸು ಕಾಗದವನ್ನು ನಾಲ್ಕಾಗಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು.

ಇದು ಗೆಲುವಲ್ಲ ಗೆಳತಿಯರೇ. ಸ್ವೀಕೃತಿ ಎಫ್‌ಐಆರ್ ಅಲ್ಲ. ಹಿಂದಿನ ಸಲ ಅವಳ ಕೈಯಲ್ಲಿ ಏನೂ ಇರಲಿಲ್ಲ, ಈ ಸಲ ತಾರೀಖು ಇರುವ ಒಂದು ಕಾಗದ ಇತ್ತು. ಮುಂದೆ ಮೇಲಧಿಕಾರಿಗೆ ಹೋಗಲಿ, ಕೋರ್ಟಿಗೆ ಹೋಗಲಿ, ಅದನ್ನು ತೋರಿಸಬಹುದು.

ಕಾನೂನು ಏನೆನ್ನುತ್ತದೆ? ನಾವು ವರ್ಷಗಟ್ಟಲೆ 498ಎ ಎಂದು ಹೇಳುತ್ತಿದ್ದೆವಲ್ಲ, 1983ರಲ್ಲಿ ಬಂದದ್ದು, ಅದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ನಂಬರು ಬದಲಾಯಿತು, ಅಪರಾಧ ಅದೇ. ಅಕ್ರಮವಾಗಿ ಹಣವೋ ಆಸ್ತಿಯೋ ತರಲು ಹಿಂಸಿಸುವುದೂ ಅದರಲ್ಲಿ ಬರುತ್ತದೆ. ನೀವು ಬಾಯಲ್ಲಿ ಹೇಳಿದರೂ ಅವರು ಬರೆದುಕೊಂಡು, ನಿಮಗೆ ಓದಿ ಹೇಳಿ, ಎಫ್‌ಐಆರ್ ಪ್ರತಿಯನ್ನು ಕಾಸಿಲ್ಲದೆ ಕೊಡಬೇಕು. ಠಾಣೆಯಲ್ಲಿ ಒಪ್ಪದಿದ್ದರೆ ಎಸ್.ಪಿ.ಯವರಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ. ಸಂಸಾರದ ವಿಷಯದಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದೆಂದು ಸುಪ್ರೀಂ ಕೋರ್ಟು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದ್ದು ನಿಜ. ಆದರೆ ಆ ವಿಚಾರಣೆ ಇರುವುದು ಅಪರಾಧ ನಡೆದಂತೆ ಕಾಣುತ್ತದೆಯೇ ಎಂದು ನೋಡಲು. ವರ್ಷಕ್ಕೆ ಎರಡು ಸಲ ಮುಚ್ಚಳಿಕೆ ಬರೆಸಲು ಅಲ್ಲ.

ಇನ್ನೊಂದು ಮಾತು, ನಮ್ಮ ಸಂಘಗಳು ತಿಳಿದಿರಲೇಬೇಕು. ಈ ಕಲಮಿನ ಕೆಳಗೆ ಪೊಲೀಸರು ವಾರಂಟಿಲ್ಲದೆ ಕ್ರಮ ಕೈಗೊಳ್ಳಬೇಕಾದರೆ ದೂರು ಕೊಡುವವಳು ಅವಳೇ ಆಗಬೇಕು, ಇಲ್ಲವೇ ಅವಳ ನೆಂಟರಾಗಬೇಕು. ಪಕ್ಕದ ಮನೆಯವರು ಕೊಟ್ಟರೆ ಸಾಲದು. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹಾಗಿಲ್ಲ. ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ ಆ ಅಧಿಕಾರಿ ಯಾರು? ಅಂಗನವಾಡಿ ಕೆಲಸಕ್ಕೆ ನೀವು ನೋಡುವ ಸಿ.ಡಿ.ಪಿ.ಓ. ಅವರೇ. ಆ ಕಚೇರಿಯ ಬಾಗಿಲು ನಿಮಗೆ ಹೊಸದಲ್ಲ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ. ಕವಾಯತು, ಟೋಪಿ, ಸಲ್ಯೂಟು ಇವೆಲ್ಲ ನನಗೆ ಅಷ್ಟು ಹಿಡಿಸುವುದಿಲ್ಲ. ಹದಿನಾಲ್ಕರ ಮಗು ಪೊಲೀಸರಂತೆ ನಡೆಯುವುದನ್ನು ಕಲಿಯಬೇಕಿಲ್ಲ. ಠಾಣೆಯಲ್ಲಿ ಯಾವ ಕಾಗದ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಕಲಿಯಬೇಕು. ನಾಳೆ ಅವಳನ್ನು ಮದುವೆ ಮಾಡಿ ದೂರದ ಊರಿಗೆ ಕಳಿಸುತ್ತೀರಿ. ಅಲ್ಲಿ ಕಷ್ಟ ಬಂದರೆ, ಅವಳು ಜೀವನದಲ್ಲಿ ಮೊದಲ ಸಲ ಠಾಣೆ ನೋಡುವುದು ಬಾಸುಂಡೆ ಹೊತ್ತುಕೊಂಡೇ ಆಗಬೇಕೇ? ಆದ್ದರಿಂದ ಕಳಿಸಿ. ಗಂಡುಮಕ್ಕಳನ್ನೂ ಕಳಿಸಿ.

ಗಂಡುಮಕ್ಕಳ ಮಾತು ಬಂತು, ಒಂದು ಹೇಳಿಬಿಡುತ್ತೇನೆ. ಆ ಎಂಟು ಮಕ್ಕಳಲ್ಲಿ ಒಬ್ಬ ಹುಡುಗನಿಗೆ ಬಂದೂಕೆಂದರೆ ಪ್ರಾಣ. ಗುಂಡು ಎಷ್ಟು ದೂರ ಹೋಗುತ್ತದೆ, ಎಷ್ಟು ತೂಕ, ಬರೀ ಅದೇ ಪ್ರಶ್ನೆ. ಆ ಶನಿವಾರ ವಾಪಸ್ಸು ನಡೆದು ಬರುವಾಗ ಅವನು ನಮ್ಮ ಹುಡುಗಿಗೆ, "ನಮ್ಮನೇಲೂ ಹಂಗೇ" ಎಂದನಂತೆ. ಅಷ್ಟೇ ಮಾತು. ನಾಲ್ಕನೇ ಶನಿವಾರ ಅವನು ಬರಲಿಲ್ಲ. ಅಜ್ಜಿ, ನಾನು ಟೀಚರ್‌ಗೆ ಹೇಳಬೇಕಿತ್ತಾ ಎಂದು ಅವಳು ನನ್ನನ್ನು ಕೇಳಿದಳು. ಹೇಳು ಎಂದೆ. ಯಾರು ಎಂದು ಎಲ್ಲರೆದುರು ಹೇಳಬೇಡ, ನಿನಗೆ ನಂಬಿಕೆಯಿರುವ ಒಬ್ಬ ಟೀಚರ್ ಹತ್ತಿರ ಹೋಗಿ ಹೇಳು ಎಂದೆ. ಮಕ್ಕಳ ಸಹಾಯವಾಣಿ 1098 ಎಂದು ಅವಳ ನೋಟ್‌ಬುಕ್ಕಿನಲ್ಲೇ ಇತ್ತು. ಆ ನಂಬರನ್ನು ಅವನಿಗೂ ಬರೆದುಕೊಡು ಎಂದೆ. ರಜೆ ಮುಗಿದ ಮೇಲೆ ಟೀಚರಿಗೆ ಹೇಳಿದ್ದಾಳೆ. ಅವರು ಅವನ ಮನೆಗೆ ಹೋಗಿಬಂದಿದ್ದಾರೆ. ಮುಂದಿನದು ಇನ್ನೂ ನಡೆಯುತ್ತಿದೆ, ಅದನ್ನು ಇಲ್ಲಿ ಹೇಳುವುದು ಸರಿಯಲ್ಲ.

ಅದಕ್ಕೇ ಶಾಲೆಯ ಕಾಗದಕ್ಕೆ ಸಹಿ ಹಾಕುವ ಮುಂಚೆ ಮುಖ್ಯೋಪಾಧ್ಯಾಯರನ್ನು ಕೇಳಿ. ಜೊತೆಗೆ ಶಿಕ್ಷಕಿಯೊಬ್ಬರು ಹೋಗುತ್ತಾರೆಯೇ? ಹೆಂಗಸು ದೂರು ಹೇಳುವಾಗ ಮಕ್ಕಳನ್ನು ಹೊರಗೆ ಕೂರಿಸುತ್ತಾರೆಯೇ? ಆ ದಿನ ನಮ್ಮ ಹುಡುಗಿಯನ್ನು ಅಲ್ಲೇ ಬಿಟ್ಟಿದ್ದರಿಂದ ಒಂದು ಕಾಗದ ಸಿಕ್ಕಿತು, ನಿಜ. ಆದರೂ ತನ್ನ ಮೈಮೇಲಿನ ಬಾಸುಂಡೆಯನ್ನು ಶಾಲಾ ಮಕ್ಕಳ ಮುಂದೆ ತೋರಿಸಬೇಕಾದ ಆ ತಾಯಿಯ ಸಂಕಟ ಯೋಚಿಸಿ. ಠಾಣೆಯಿಂದ ಬಂದ ಮೇಲೆ ಕಂಡದ್ದನ್ನು ಮಕ್ಕಳು ಯಾರ ಹತ್ತಿರವಾದರೂ ಕೂತು ಮಾತಾಡಲು ಒಂದು ಗಂಟೆ ಇಟ್ಟಿದ್ದಾರೆಯೇ ಎಂಬುದನ್ನೂ ಕೇಳಿ.

ಒಬ್ಬೊಬ್ಬರೇ ಹೋದರೆ ನೋಡೋಣಮ್ಮ ಎಂದು ಕಳಿಸುತ್ತಾರೆ. ಹತ್ತು ಜನ ಒಟ್ಟಿಗೆ ಹೋಗೋಣ, ನಾನೂ ಬರುತ್ತೇನೆ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹೈಸ್ಕೂಲಿನ ಗೇಟಿನ ಹತ್ತಿರ. ಕಾರ್ಯದರ್ಶಿಯವರು ಪುಸ್ತಕ ತೆಗೆದಿದ್ದಾರೆ. ಬರುವವರು ಊಟಕ್ಕೆ ಏಳುವ ಮುಂಚೆ ಹೆಸರು ಬರೆಸಿ.